ತೆರೆ ಹಿಡಿದ ಬೆರಳುಗಳು

ನಾನು ಮೊದಲ ಸಲ ನಿಜವಾಗಿ ಹೆದರಿದ್ದು ಸಿನಿಮಾ ನೋಡಿ ಅಲ್ಲ. ಉಡುಪಿಯ ಹತ್ತಿರದ ನಮ್ಮ ಊರಿನಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ ಒಂದು ಹರಕೆ ಆಟ, ಅಂದರೆ ಯಕ್ಷಗಾನ, ನಡೆದಿತ್ತು. ತೆಂಕುತಿಟ್ಟಿನ ಮೇಳ. ನನಗೆ ಆಗ ಆರೋ ಏಳೋ ವರ್ಷ. ಅಜ್ಜಿಯ ಮಡಿಲಲ್ಲಿ ನಿದ್ದೆ ಹೋಗಿದ್ದೆ. ಚೆಂಡೆಯ ಪೆಟ್ಟು ಬದಲಾದಾಗ ಎಚ್ಚರವಾಯಿತು. ಕಣ್ಣು ಬಿಟ್ಟರೆ ರಂಗಸ್ಥಳದಲ್ಲಿ ಇಬ್ಬರು ಒಂದು ತೆರೆ ಹಿಡಿದು ನಿಂತಿದ್ದರು. ಆ ಬಟ್ಟೆಯ ಮೇಲಿನ ಅಂಚನ್ನು ಹಿಂದಿನಿಂದ ಯಾರೋ ಹಿಡಿದುಕೊಂಡಿದ್ದರು. ಕಾಣುತ್ತಿದ್ದದ್ದು ಬೆರಳುಗಳು. ಅದರ ಮೇಲೆ ಕಿರೀಟದ ತುದಿ. ಕೆಳಗೆ ಗೆಜ್ಜೆ ಕಟ್ಟಿದ ಪಾದ. ಅಷ್ಟೇ.

ನಾನು ಅಜ್ಜಿಯ ಸೆರಗಿನೊಳಗೆ ಹೊಕ್ಕೆ.

ವಿಚಿತ್ರ ಏನೆಂದರೆ, ಆ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮುಖವನ್ನು ನಾನು ಸಂಜೆಯೇ ನೋಡಿ ಆಗಿತ್ತು. ವೇಷ ಹಾಕಿಕೊಳ್ಳುವ ಚೌಕಿಯ ಹತ್ತಿರ ಹೋಗಿ ಇಣುಕಿದ್ದೆ. ಕನ್ನಡಿ ಎದುರು ಕೂತು ಅವರು ಮುಖಕ್ಕೆ ಅಕ್ಕಿ ಹಿಟ್ಟಿನ ಚುಟ್ಟಿಗಳನ್ನು ಒಂದೊಂದಾಗಿ ಇಡುತ್ತಿದ್ದರು. ನನ್ನನ್ನು ನೋಡಿ ನಕ್ಕಿದ್ದರು ಕೂಡ. ತೆರೆ ಇಳಿದು ಪೂರ್ತಿ ಮುಖ ಕಂಡಾಗ ನನ್ನ ಹೆದರಿಕೆ ಅರ್ಧ ಇಳಿದುಹೋಯಿತು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಆ ಬೆರಳುಗಳಲ್ಲಿ ಇತ್ತು.

ಹದಿನೈದು ವರ್ಷ ಆದ ಮೇಲೆ ಮಣಿಪಾಲದಲ್ಲಿ ಗೆಳೆಯನ ರೂಮಿನಲ್ಲಿ, ಒಂದು ಕಂಪ್ಯೂಟರಿನ ಎದುರು ಆರು ಜನ ಒತ್ತಿಕೊಂಡು ಕೂತು ‘ಸೆವೆನ್’ ನೋಡಿದೆವು. 1995ರ ಸಿನಿಮಾ, ಡೇವಿಡ್ ಫಿಂಚರ್ ನಿರ್ದೇಶನದ್ದು, ಸರಣಿ ಕೊಲೆಗಾರನೊಬ್ಬನನ್ನು ಪೊಲೀಸರು ಹುಡುಕುವ ಕಥೆ. ಶುರುವಿನ ಒಂದೆರಡು ದೃಶ್ಯ ಮುಗಿದು ಹೆಸರು ಬೀಳಲು ಆರಂಭವಾಯಿತು. ಮತ್ತೆ ಬೆರಳುಗಳು! ಯಾರೋ ಬ್ಲೇಡಿನಿಂದ ತನ್ನ ಬೆರಳ ತುದಿಯ ಚರ್ಮ ತೆಗೆಯುತ್ತಿದ್ದಾನೆ. ಸೂಜಿ ದಾರ ಹಿಡಿದು ಪುಸ್ತಕ ಹೊಲಿಯುತ್ತಿದ್ದಾನೆ. ಅಚ್ಚಾದ ಸಾಲುಗಳ ಮೇಲೆ ಕಪ್ಪು ಗೆರೆ ಎಳೆಯುತ್ತಿದ್ದಾನೆ. ಕೊನೆಗೆ ನೋಟಿನಲ್ಲಿರುವ ‘ದೇವರು’ ಎಂಬ ಪದವನ್ನು ಕತ್ತರಿಸಿ ತೆಗೆಯುತ್ತಾನೆ. ಮುಖ ಕಾಣುವುದೇ ಇಲ್ಲ.

ಹೆಸರು ಬೀಳುವ ಈ ಭಾಗವನ್ನು ಮಾಡಿದವರು ಕೈಲ್ ಕೂಪರ್. ಹೆಸರುಗಳನ್ನು ಕೈಯಿಂದ ಫಿಲ್ಮಿನ ಮೇಲೆ ಗೀಚಿ ಬರೆದಿದ್ದರು. ಅದಕ್ಕೇ ಆ ಅಕ್ಷರಗಳು ಒಂದು ಕ್ಷಣವೂ ಸುಮ್ಮನೆ ನಿಲ್ಲುವುದಿಲ್ಲ, ನಡುಗುತ್ತವೆ. ಆ ಎರಡು ಚಿಲ್ಲರೆ ನಿಮಿಷದಲ್ಲಿ ಒಂದು ಕೊಲೆಯೂ ಇಲ್ಲ, ಒಂದು ಕಿರುಚಾಟವೂ ಇಲ್ಲ. ಒಬ್ಬ ಮನುಷ್ಯ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದಾನೆ, ಅಷ್ಟೇ ಅಲ್ವಾ? ಆದರೆ ನೋಡುತ್ತಾ ನೋಡುತ್ತಾ ಒಂದು ವಿಷಯ ಗೊತ್ತಾಗುತ್ತದೆ. ಇವನಿಗೆ ಎಷ್ಟೊಂದು ತಾಳ್ಮೆ ಉಂಟು! ಇವನಿಗೆ ಯಾವ ಅವಸರವೂ ಇಲ್ಲ. ನನಗೆ ಹೆದರಿಕೆ ಹುಟ್ಟಿದ್ದು ಆ ತಾಳ್ಮೆ ನೋಡಿ. ಪೊಲೀಸರಿಗಿಂತ ತುಂಬಾ ಮೊದಲೇ ಅವನು ತಯಾರಾಗಿ ಕೂತಿದ್ದಾನೆ ಎಂದು ನಮಗೆ ಮಾತ್ರ ಗೊತ್ತು.

ಅವತ್ತಿನಿಂದ ಥ್ರಿಲ್ಲರ್ ಸಿನಿಮಾಗಳಲ್ಲಿ ಹೆಸರು ಬೀಳುವ ಹೊತ್ತನ್ನು ನಾನು ಕಣ್ಣು ಮಿಟುಕಿಸದೆ ನೋಡುತ್ತೇನೆ. ನನಗೆ ಅನ್ನಿಸುವುದು ಇಷ್ಟು: ಕಥೆ ಹೆದರಿಸಬೇಕಾದರೆ ಕಾರಣ ಬೇಕು. ಯಾರು ಯಾರನ್ನು ಕೊಂದರು, ಯಾಕೆ, ಇದೆಲ್ಲ ಬೇಕು. ಹೆಸರು ಬೀಳುವ ಹೊತ್ತಿಗೆ ಆ ಸಾಲ ಇಲ್ಲ. ಅದು ಹೆದರಿಕೆಯನ್ನು ಮೊದಲು ಕೊಡುತ್ತದೆ, ಕಾರಣವನ್ನು ಆಮೇಲೆ. ಕಾರಣ ಸಿಗುವ ತನಕ ನಾವು ಆ ಹೆದರಿಕೆಯನ್ನು ಕೈಯಲ್ಲಿ ಹಿಡಿದುಕೊಂಡು ಕೂತಿರುತ್ತೇವೆ, ಎಲ್ಲಿ ಇಡಬೇಕೆಂದು ಗೊತ್ತಾಗದೆ.

ನಮ್ಮ ದೊಡ್ಡಪ್ಪ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಕಾರ್ಬನ್ ಕಡ್ಡಿ ಉರಿಸಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಕಾಲ. ಅವರದ್ದು ಒಂದೇ ಮಾತು: “ಹೆಸರು ಬೀಳುವಾಗ ಒಳಗೆ ಇಲ್ಲದಿದ್ದರೆ ಆ ಸಿನಿಮಾ ನೋಡಬೇಡ ಮಾರಾಯ, ನಾಳೆ ಬಾ.” ನಮಗಂತೂ ಹೆಸರಿಗಿಂತ ಮೊದಲು ಬರುವ ಸೆನ್ಸಾರ್ ಸರ್ಟಿಫಿಕೇಟೇ ದೊಡ್ಡ ಸಂಗತಿ. ಅದರಲ್ಲಿ ಎಷ್ಟು ರೀಲು ಎಂದು ಬರೆದಿರುತ್ತಿತ್ತು. “ಹದಿನಾಲ್ಕು!” ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೂಗುವವರು. ಸಾವಿರ ಅಡಿಯ ಒಂದು ರೀಲು ಸುಮಾರು 11 ನಿಮಿಷ ಓಡುತ್ತದೆ ಎಂದು ದೊಡ್ಡಪ್ಪ ಲೆಕ್ಕ ಹೇಳಿಕೊಟ್ಟಿದ್ದರು. ಸರ್ಟಿಫಿಕೇಟಿನಲ್ಲಿ ಒಂದು ತ್ರಿಕೋನ ಇದ್ದರೆ ಸೆನ್ಸಾರಿನವರು ಏನನ್ನೋ ಕತ್ತರಿಸಿದ್ದಾರೆ ಎಂದು ಅರ್ಥ. ಇದನ್ನು ಹೇಳಿಕೊಟ್ಟವರೂ ಅವರೇ. ಆ ಮೇಲೆ ಎಲ್ಲ ಸಿನಿಮಾದಲ್ಲೂ ನಾನು ಮೊದಲು ಹುಡುಕುತ್ತಿದ್ದದ್ದು ತ್ರಿಕೋನವನ್ನು. ತ್ರಿಕೋನ ಕಂಡರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತು. ನಮಗೆ ತೋರಿಸದೆ ಇಟ್ಟದ್ದು ಏನೋ ಒಂದು ಉಂಟು ಎಂದು ಸರ್ಕಾರವೇ ಹೇಳಿದ ಹಾಗೆ.

ಇನ್ನೊಂದು ಆಟ ಇತ್ತು. ದೊಡ್ಡಪ್ಪನ ಮಗ ಹೆಸರುಗಳನ್ನು ನೋಡಿಯೇ ಕೊಲೆಗಾರ ಯಾರೆಂದು ಹೇಳುತ್ತಿದ್ದ. ಉಪಾಯ ಸುಲಭ. ಹೆಸರು ಬೀಳುವಾಗ ಒಬ್ಬ ದೊಡ್ಡ ನಟನ ಹೆಸರು ಬಂದಿದೆ. ಇಂಟರ್ವಲ್ ಆದರೂ ಆತ ಕಾಣಲಿಲ್ಲ, ಇಲ್ಲವೇ ಸುಮ್ನೆ ಒಂದು ಸಣ್ಣ ಪಾತ್ರದಲ್ಲಿ ಬಂದು ಹೋದ. ಹಾಗಾದರೆ ಅವನೇ! ಅಷ್ಟು ದೊಡ್ಡವರನ್ನು ಟೀ ತರಲು ಕರೆಸುತ್ತಾರಾ? ಹತ್ತರಲ್ಲಿ ಏಳು ಸಲ ಅವನು ಹೇಳಿದ್ದು ಸರಿಯಾಗುತ್ತಿತ್ತು.

‘ಸೆವೆನ್’ ಮಾಡಿದವರಿಗೆ ಈ ಉಪಾಯ ಗೊತ್ತಿತ್ತು ಅನ್ನಿಸುತ್ತದೆ. ಮೂವತ್ತು ವರ್ಷ ಆಯಿತು, ಈಗ ಹೇಳಿದರೆ ತಪ್ಪಿಲ್ಲ ಅಂದುಕೊಳ್ಳುತ್ತೇನೆ. ಕೊಲೆಗಾರನಾಗಿ ನಟಿಸಿದವರು ಕೆವಿನ್ ಸ್ಪೇಸಿ. ಶುರುವಿನಲ್ಲಿ ಬೀಳುವ ಹೆಸರುಗಳಲ್ಲಿ ಅವರ ಹೆಸರೇ ಇಲ್ಲ. ಸಿನಿಮಾ ಮುಗಿದ ಮೇಲೆ ಬರುತ್ತದೆ. ಅಂದರೆ ಪರದೆಯ ಮೇಲೆ ಅವನ ಬೆರಳುಗಳು ಕಾಣುತ್ತಿವೆ, ಅವನ ಅಕ್ಷರ ಕಾಣುತ್ತಿದೆ, ಆದರೆ ಅವನ ಹೆಸರೊಂದು ಇಲ್ಲ. ದೊಡ್ಡಪ್ಪನ ಮಗನಿಗೆ ಇದನ್ನು ಫೋನಿನಲ್ಲಿ ಹೇಳಿದಾಗ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ “ಅದು ಭಾರಿ ಆಯ್ತು ಮಾರಾಯ” ಅಂದ.

ಹೆಸರು ಬೀಳುವ ಹೊತ್ತಿಗೆ ಇಷ್ಟು ಬೆಲೆ ಮೊದಲಿನಿಂದ ಇರಲಿಲ್ಲ. ಅಮೆರಿಕದ ಎಷ್ಟೋ ಥಿಯೇಟರುಗಳಲ್ಲಿ ಹೆಸರುಗಳನ್ನು ಮುಚ್ಚಿದ ಬಟ್ಟೆಯ ಪರದೆಯ ಮೇಲೆಯೇ ಬಿಡುತ್ತಿದ್ದರು. ಜನ ಪಾಪ್‌ಕಾರ್ನ್ ತಿನ್ನುತ್ತಾ ಮಾತಾಡುತ್ತಿರುತ್ತಿದ್ದರು. ಹೆಸರು ಮುಗಿದ ಮೇಲೆ ಪರದೆ ಸರಿಯುತ್ತಿತ್ತು. 1955ರಲ್ಲಿ ‘ದಿ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್’ ಬಿಡುಗಡೆಯಾದಾಗ ಫಿಲ್ಮಿನ ಡಬ್ಬಿಗಳ ಜೊತೆ ಆಪರೇಟರುಗಳಿಗೆ ಒಂದು ಸೂಚನೆ ಹೋಗಿತ್ತು: ಹೆಸರು ಶುರುವಾಗುವ ಮೊದಲು ಪರದೆ ಸರಿಸಿ. ಆ ಹೆಸರುಗಳ ಭಾಗವನ್ನು ಮಾಡಿದ್ದು ಸಾಲ್ ಬಾಸ್. ಕಪ್ಪು ಹಿನ್ನೆಲೆ, ಬಿಳಿ ಪಟ್ಟಿಗಳು, ಕೊನೆಗೆ ಆ ಪಟ್ಟಿಯೇ ಸೊಟ್ಟಗಾಗಿ ಒಂದು ಕೈ ಆಗುತ್ತದೆ. ಆ ಸೂಚನೆಯ ವಿಷಯ ಓದಿದಾಗ ನನಗೆ ನೆನಪಾದದ್ದು ದೊಡ್ಡಪ್ಪ. ಯಾರೂ ಚೀಟಿ ಕಳಿಸದೆ ಅವರಿಗೆ ಗೊತ್ತಿತ್ತು.

ಮೂರು ವರ್ಷದ ಮೇಲೆ, 1958ರಲ್ಲಿ, ಹಿಚ್‌ಕಾಕ್ ಅವರ ‘ವರ್ಟಿಗೋ’ಗೆ ಬಾಸ್ ಮಾಡಿದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಒಬ್ಬ ಹೆಂಗಸಿನ ಮುಖ. ಪೂರ್ತಿ ಮುಖ ಅಲ್ಲ, ತುಟಿ ಮಾತ್ರ. ಆಮೇಲೆ ಕಣ್ಣು. ಕಣ್ಣು ಆಚೆ ನೋಡುತ್ತದೆ, ಈಚೆ ನೋಡುತ್ತದೆ, ಅವಳಿಗೆ ಯಾರದ್ದೋ ಭಯ. ಪರದೆ ಕೆಂಪಾಗುತ್ತದೆ. ಸಿನಿಮಾದ ಹೆಸರು ಆ ಕಣ್ಣಿನ ಒಳಗಿನಿಂದ ಬರುತ್ತದೆ. ಅದರ ಹಿಂದೆಯೇ ಸುರುಳಿಗಳು, ಜಾನ್ ವಿಟ್ನಿ ಮಾಡಿಕೊಟ್ಟವು, ಒಂದು ಮುಗಿಯುವಾಗ ಇನ್ನೊಂದು. ಸುಳಿಯ ಅಂಚಿನಲ್ಲಿ ನಿಂತ ಹಾಗೆ ಆಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಹೊಳೆ ಬದಿಗೆ ಮಕ್ಕಳನ್ನು ಬಿಡುವುದಿಲ್ಲ. ಸುಳಿಯನ್ನು ತುಂಬಾ ಹೊತ್ತು ನೋಡಬೇಡ, ಅದು ಕರೆಯುತ್ತದೆ ಎಂದು ಅಜ್ಜಿ ಹೇಳುತ್ತಿದ್ದರು. ಆ ಸಿನಿಮಾದ ನಾಯಕನಿಗೆ ಎತ್ತರ ಕಂಡರೆ ತಲೆ ತಿರುಗುತ್ತದೆ. ಅದನ್ನು ಕಥೆ ಹೇಳುವ ಮೊದಲೇ ನಮ್ಮ ತಲೆ ತಿರುಗಿ ಆಗಿರುತ್ತದೆ.

ಇನ್ನು ‘ಸೈಕೋ’. 1960ರದ್ದು, ಅದೇ ಬಾಸ್, ಅದೇ ಹಿಚ್‌ಕಾಕ್, ಸಂಗೀತವೂ ‘ವರ್ಟಿಗೋ’ಗೆ ಸಂಗೀತ ಕೊಟ್ಟ ಅದೇ ಬರ್ನಾರ್ಡ್ ಹರ್ಮನ್. ನಾನು ಇದನ್ನು ಮೊದಲು ನೋಡಿದ್ದು ಪಕ್ಕದ ಮನೆಯಲ್ಲಿ. ಬಾಡಿಗೆಗೆ ವಿಸಿಪಿ ತಂದಿದ್ದರು. ಆಟಿ ತಿಂಗಳು. ತಗಡು ಶೀಟಿನ ಮಾಡು. ಮಳೆ ಎಂದರೆ ಮಳೆ, ಪಕ್ಕದಲ್ಲಿ ಕೂತವರು ಹೇಳಿದ್ದು ಕೇಳಿಸುತ್ತಿರಲಿಲ್ಲ. ಪರದೆಯ ಮೇಲೆ ಬೂದು ಬಣ್ಣದ ಪಟ್ಟಿಗಳು ಅತ್ತಿಂದಿತ್ತ ಓಡಿದವು. ಹೆಸರುಗಳು ತುಂಡು ತುಂಡಾಗಿ ಬಂದು ಸೇರಿದವು, ಮತ್ತೆ ತುಂಡಾದವು. ನನಗೆ ಏನೂ ಅನ್ನಿಸಲಿಲ್ಲ. ಯಾವುದೋ ಕಾರ್ಖಾನೆಯ ಜಾಹೀರಾತಿನ ಹಾಗೆ ಕಂಡಿತು.

ಕೆಲವು ವರ್ಷದ ಮೇಲೆ ಅದನ್ನೇ ಇಯರ್‌ಫೋನ್ ಹಾಕಿಕೊಂಡು ನೋಡಿದೆ. ನನ್ನ ಕೈ ತಣ್ಣಗಾಯಿತು. ಅವೇ ಪಟ್ಟಿಗಳು, ಅವೇ ಹೆಸರುಗಳು. ಈ ಸಲ ಸಂಗೀತ ಇತ್ತು, ಬೇರೆ ಏನೂ ವ್ಯತ್ಯಾಸ ಇಲ್ಲ. ಹರ್ಮನ್ ಈ ಸಿನಿಮಾಕ್ಕೆ ತಂತಿ ವಾದ್ಯಗಳನ್ನು ಬಿಟ್ಟು ಬೇರೆ ಯಾವುದನ್ನೂ ಬಳಸಲಿಲ್ಲ. ಡ್ರಮ್ ಇಲ್ಲ, ಕಹಳೆ ಇಲ್ಲ. ಪಿಟೀಲುಗಳನ್ನೇ ಕುಟ್ಟಿದ ಹಾಗೆ ಬಾರಿಸುತ್ತಾರೆ. ಅದು ಓಡುವವರ ಉಸಿರಿನ ಹಾಗೆ ಕೇಳುತ್ತದೆ.

ಅವತ್ತು ಮಳೆ ಸಂಗೀತವನ್ನು ನುಂಗಿತ್ತು. ಅದರಿಂದ ನನಗೆ ಒಂದು ವಿಷಯ ಗೊತ್ತಾಯಿತು. ಹೆಸರು ಬೀಳುವಾಗ ಕಣ್ಣಿಗೆ ಒಂದು ಕೆಲಸ ಇರುತ್ತದೆ, ಓದುವ ಕೆಲಸ. ಓದುತ್ತಿರುವ ಮನುಷ್ಯ ಕಿವಿಯ ಕಡೆ ಗಮನ ಕೊಡುವುದಿಲ್ಲ. ಆ ಹೊತ್ತಿಗೆ ಸಂಗೀತ ಹಿಂದಿನ ಬಾಗಿಲಿನಿಂದ ಒಳಗೆ ಬಂದು ಕೂತಿರುತ್ತದೆ. ಆಟದಲ್ಲೂ ಹಾಗೆಯೇ ಅಲ್ವಾ? ಸಂಜೆ ಮನೆಯಲ್ಲಿ ಊಟಕ್ಕೆ ಕೂತಿದ್ದಾಗಲೇ ಗದ್ದೆಯ ಕಡೆಯಿಂದ ಅಬ್ಬರದ ಚೆಂಡೆ ಕೇಳಲು ಶುರುವಾಗುತ್ತದೆ. ಅನ್ನ ಕಲಸುವ ಕೈ ತಾನಾಗಿಯೇ ಬೇಗ ಆಗುತ್ತದೆ. ಇನ್ನೂ ಮನೆಯಿಂದ ಹೊರಟೇ ಇಲ್ಲ, ಆಟ ನಮ್ಮೊಳಗೆ ಶುರುವಾಗಿದೆ.

ಎಲ್ಲ ಕಡೆಯೂ ಹೆಸರು ಹಾಕಿದರೆ ಚೆನ್ನ ಎಂದೇನೂ ಅಲ್ಲ. ಆರ್ಸನ್ ವೆಲ್ಸ್ ಅವರ ‘ಟಚ್ ಆಫ್ ಈವಿಲ್’ ನೋಡಿ. 1958ರ ಸಿನಿಮಾ. ಶುರುವಿನಲ್ಲೇ ಒಂದು ಕೈ, ಅದರಲ್ಲಿ ಟೈಮ್ ಬಾಂಬ್. ಬಾಂಬನ್ನು ಒಂದು ಕಾರಿನ ಡಿಕ್ಕಿಯಲ್ಲಿ ಇಟ್ಟು ಆತ ಓಡುತ್ತಾನೆ. ಕಾರಿನವರಿಗೆ ಗೊತ್ತಿಲ್ಲ, ಹೊರಡುತ್ತಾರೆ. ಕ್ಯಾಮೆರಾ ಎಲ್ಲೂ ಕಟ್ ಆಗದೆ ಮೂರು ನಿಮಿಷಕ್ಕೂ ಜಾಸ್ತಿ ಆ ಊರಿನ ಬೀದಿಗಳಲ್ಲಿ ಹೋಗುತ್ತದೆ. ಕಾರು ನಿಲ್ಲುತ್ತದೆ, ಚಲಿಸುತ್ತದೆ, ಆಡುಗಳು ಅಡ್ಡ ಬರುತ್ತವೆ. ಪಕ್ಕದಲ್ಲೇ ಹೊಸದಾಗಿ ಮದುವೆಯಾದ ಜೋಡಿಯೊಂದು ನಡೆದು ಬರುತ್ತಿದೆ. ಎದ್ದು ನಿಂತು “ಅತ್ತ ಹೋಗಬೇಡಿ” ಎಂದು ಕೂಗಬೇಕು ಅನ್ನಿಸುತ್ತದೆ.

ಬಿಡುಗಡೆ ಮಾಡುವಾಗ ಸ್ಟುಡಿಯೋದವರು ಇದರ ಮೇಲೆಯೇ ಹೆಸರುಗಳನ್ನು ಹಾಕಿದರು, ಹೆನ್ರಿ ಮ್ಯಾನ್ಸಿನಿ ಅವರ ಸಂಗೀತವನ್ನೂ ಸೇರಿಸಿದರು. ವೆಲ್ಸ್‌ಗೆ ಇದು ಬೇಡವಾಗಿತ್ತು. ಅವರು ಸ್ಟುಡಿಯೋಗೆ 58 ಪುಟದ ಪತ್ರ ಬರೆದು ಏನೇನು ಬದಲಿಸಬೇಕೆಂದು ಹೇಳಿದ್ದರು. 1998ರಲ್ಲಿ, ವೆಲ್ಸ್ ತೀರಿಕೊಂಡು ಹದಿಮೂರು ವರ್ಷ ಆದ ಮೇಲೆ, ವಾಲ್ಟರ್ ಮರ್ಚ್ ಆ ಪತ್ರ ಹಿಡಿದು ಮತ್ತೆ ಎಡಿಟ್ ಮಾಡಿದರು. ಶುರುವಿನ ಹೆಸರುಗಳು ಹೋದವು, ಆ ಸಂಗೀತವೂ ಹೋಯಿತು. ಅದರ ಜಾಗದಲ್ಲಿ ಬೀದಿಯ ಸದ್ದು ಬಂತು: ಕಾರಿನ ರೇಡಿಯೋ, ಕ್ಲಬ್ಬುಗಳಿಂದ ಹೊರಗೆ ಬೀಳುವ ಹಾಡು. ನಾನು ಎರಡನ್ನೂ ಒಂದೇ ದಿನ ನೋಡಿದ್ದೇನೆ. ಹೆಸರು ಇರುವುದರಲ್ಲಿ ನನ್ನ ಕಣ್ಣು ಓದಲು ಹೋಗಿ ಕಾರನ್ನು ಕಳೆದುಕೊಳ್ಳುತ್ತದೆ. ಹೆಸರು ಇಲ್ಲದ್ದರಲ್ಲಿ ಆ ಕಾರನ್ನು ಬಿಟ್ಟು ಬೇರೆ ಏನೂ ಕಾಣುವುದಿಲ್ಲ. ನನ್ನ ಪ್ರಕಾರ ವೆಲ್ಸ್ ಹೇಳಿದ್ದೇ ಸರಿ. ಕಥೆ ಆಗಲೇ ಓಡುತ್ತಿದೆ, ಕಾರಣ ಡಿಕ್ಕಿಯಲ್ಲಿ ಉಂಟು. ಅಲ್ಲಿ ತೆರೆ ಹಿಡಿಯುವ ಕೆಲಸ ಇಲ್ಲ.

‘ದಿ ಶೈನಿಂಗ್’ನದ್ದು ಬೇರೆಯೇ ದಾರಿ. ಸ್ಟ್ಯಾನ್ಲಿ ಕುಬ್ರಿಕ್, 1980. ಹಗಲು ಬೆಳಕು. ಸುಂದರವಾದ ಸರೋವರ, ಬೆಟ್ಟ, ಹೊಳೆಯುವ ನೀರು. ಅಮೆರಿಕದ ಮೊಂಟಾನಾ ರಾಜ್ಯದ ಗ್ಲೇಷಿಯರ್ ನ್ಯಾಷನಲ್ ಪಾರ್ಕಿನ ರಸ್ತೆ ಅದು. ಒಂದು ಹಳದಿ ಫೋಕ್ಸ್‌ವ್ಯಾಗನ್ ಕಾರು ಒಂಟಿಯಾಗಿ ಹೋಗುತ್ತಿದೆ. ಹೆಲಿಕಾಪ್ಟರಿನಿಂದ ತೆಗೆದದ್ದು. ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹೋಗುತ್ತವೆ, ಸಿನಿಮಾ ಮುಗಿದಾಗ ಹೋಗುವ ಹಾಗೆ. ಕೇಳುವುದು ಸತ್ತವರಿಗಾಗಿ ಹಾಡುತ್ತಿದ್ದ ಒಂದು ಹಳೆಯ ಕ್ರೈಸ್ತ ರಾಗ. ವೆಂಡಿ ಕಾರ್ಲೋಸ್ ಮತ್ತು ರೇಚಲ್ ಎಲ್ಕೈಂಡ್ ಅದನ್ನು ಸಿಂಥಸೈಜರಿನಲ್ಲಿ ನುಡಿಸಿದ್ದಾರೆ. ಶುರುವಾಗುವ ಮೊದಲೇ ಎಲ್ಲ ಮುಗಿದುಹೋಗಿದೆ ಅನ್ನಿಸುತ್ತದೆ.

ಇದು ನನಗೆ ಪೂರ್ತಿ ಅರ್ಥವಾದದ್ದು ಆಗುಂಬೆಯಲ್ಲಿ. ಸೋಮೇಶ್ವರದಿಂದ ಹದಿನಾಲ್ಕು ತಿರುವು ಹತ್ತಿ ಸೂರ್ಯಾಸ್ತ ನೋಡುವ ಜಾಗದಲ್ಲಿ ನಿಂತಿದ್ದೆ. ಜನ ಜಾಸ್ತಿ ಇರಲಿಲ್ಲ. ಕೆಳಗೆ ಘಾಟಿಯಲ್ಲಿ ಒಂದು ಕಾರು ಬರುತ್ತಿತ್ತು. ಮರಗಳ ಮಧ್ಯೆ ಕಾಣುವುದು, ಮಾಯವಾಗುವುದು, ಮುಂದಿನ ತಿರುವಿನಲ್ಲಿ ಮತ್ತೆ ಕಾಣುವುದು. ನಾನು ಸುಮ್ನೆ ನೋಡುತ್ತಾ ನಿಂತೆ. ಅವರಿಗೆ ನಾನು ಇಲ್ಲಿರುವುದು ಗೊತ್ತಿಲ್ಲ. ಮುಂದಿನ ತಿರುವಿನಲ್ಲಿ ಏನು ಬರುತ್ತಿದೆ ಎಂದು ನನಗೆ ಕಾಣುತ್ತದೆ, ಅವರಿಗೆ ಕಾಣುವುದಿಲ್ಲ. ಒಮ್ಮೆಲೇ ನನ್ನ ಬಗ್ಗೆ ನನಗೇ ಒಂದು ನಮೂನೆ ಆಯಿತು. ಕುಬ್ರಿಕ್‌ನ ಆ ಕಾರನ್ನು ನೋಡುವಾಗ ನಾವು ಕಾರಿನವನಿಗಾಗಿ ಹೆದರುವುದಿಲ್ಲ. ಅವನನ್ನು ಇಷ್ಟು ಎತ್ತರದಿಂದ, ಇಷ್ಟು ದೂರ ಹಿಂಬಾಲಿಸಿಕೊಂಡು ಬಂದದ್ದು ಯಾರು ಎಂದು ಹೆದರುತ್ತೇವೆ.

ನಮ್ಮ ಕನ್ನಡ ಥ್ರಿಲ್ಲರುಗಳಿಗೆ ಕಷ್ಟ ಜಾಸ್ತಿ. ಸರ್ಟಿಫಿಕೇಟ್ ದಾಟಬೇಕು. ತಂಬಾಕಿನ ಎಚ್ಚರಿಕೆ ದಾಟಬೇಕು. ದೇವರ ಪಟ, ತೀರಿಕೊಂಡ ಹಿರಿಯರ ಫೋಟೋ, ಆಮೇಲೆ ಕೃತಜ್ಞತೆಗಳ ಪಟ್ಟಿ, ಅದರಲ್ಲಿ ಜಾಗ ಕೊಟ್ಟವರು, ಊಟ ಕೊಟ್ಟವರು ಎಲ್ಲರೂ ಇರಬೇಕು. ಅವರನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಅನ್ನ ಹಾಕಿದವರ ಹೆಸರು ಬರಲೇಬೇಕು. ಆದರೆ ಆ ಪಟ್ಟಿಯ ಹಿಂದೆ ಯಾವುದೋ ಒಂದು ಹಾಡಿನ ತುಣುಕನ್ನು ಯಾಕೆ ಹಾಕಬೇಕು? ಅದು ತೆರೆ ಆಗಬಹುದಲ್ಲ. 1989ರಲ್ಲಿ ಸುನಿಲ್ ಕುಮಾರ್ ದೇಸಾಯಿ ‘ತರ್ಕ’ ಮಾಡಿದಾಗ ಒಂದೇ ಒಂದು ಹಾಡು ಇಡಲಿಲ್ಲ. ನೋಡುವವರು ಉಸಿರು ಬಿಡಲು ಎಲ್ಲೂ ಸಂದಿ ಕೊಡಬಾರದು ಎಂಬ ಹಟ ಅದು ಎಂದು ನನಗೆ ಅನ್ನಿಸುತ್ತದೆ. ಆ ಹಟ ಸಿನಿಮಾದ ಮೊದಲ ಎರಡು ನಿಮಿಷಕ್ಕೂ ಬರಬೇಕು. ಈ ಕರಾವಳಿಯಲ್ಲಿ ಈಗ ಎಷ್ಟೊಂದು ಥ್ರಿಲ್ಲರುಗಳು ಚಿತ್ರೀಕರಣ ಆಗುತ್ತಿವೆ. ಚೆಂಡೆಯೂ ಇಲ್ಲೇ ಉಂಟು, ತೆರೆಯೂ ಇಲ್ಲೇ ಉಂಟು. ಮಹಿಷಾಸುರ ಪ್ರೇಕ್ಷಕರ ನಡುವಿನಿಂದಲೇ ದೊಂದಿ, ರಾಳದ ಬೆಂಕಿಯ ಜೊತೆ ಎದ್ದು ಬರುವುದನ್ನು ನೋಡಿ ಬೆಳೆದ ಹುಡುಗರು ಕ್ಯಾಮೆರಾ ಹಿಡಿದಿದ್ದಾರೆ. ಅವರಿಂದ ನನಗೆ ಆಸೆ ಜಾಸ್ತಿ.

ಈಗ ಅವಸರದ ಕಾಲ, ಅದು ಗೊತ್ತು. ನೆಟ್‌ಫ್ಲಿಕ್ಸ್‌ನಲ್ಲಿ 2017ರಿಂದ ಶುರುವಿನ ಭಾಗವನ್ನು ದಾಟಿಸುವ ಬಟನ್ ಉಂಟು. ಆಟದಲ್ಲೂ ಕಾಲಮಿತಿ ಬಂದಿದೆ. ಸಮಯ ಕಡಿಮೆ ಮಾಡಬೇಕೆಂದಾಗ ಮೊದಲು ಕತ್ತರಿ ಬೀಳುವುದು ಕಥೆಗಿಂತ ಮೊದಲಿನ ಪೂರ್ವರಂಗಕ್ಕೆ. ಅದರಲ್ಲಿ ಬರುವ ಬಾಲಗೋಪಾಲರ ಕುಣಿತ ನೋಡದೆ ದೊಡ್ಡವರಾಗುವ ಮಕ್ಕಳ ಬಗ್ಗೆ ನನಗೆ ಬೇಸರ ಉಂಟು.

ಕಳೆದ ಜೂನ್‌ನಲ್ಲಿ ಅಕ್ಕನ ಮಗಳು ನಮ್ಮ ಮನೆಗೆ ಬಂದಿದ್ದಳು. ಪಿಯುಸಿ ಹುಡುಗಿ. ‘ಸೈಕೋ’ ಹಾಕು ಮಾವ ಎಂದಳು. ಹೊರಗೆ ಮಳೆ. ನಮ್ಮದು ಈಗ ತಾರಸಿ ಮನೆ, ಆದರೂ ಕಿಟಕಿ ಎಲ್ಲ ಮುಚ್ಚಿದೆ, ದೀಪ ಆರಿಸಿದೆ. ಅವಳ ಫೋನನ್ನು ಇಸಕೊಂಡು ಮೇಜಿನ ಮೇಲೆ ಮಗುಚಿ ಇಟ್ಟೆ. ಪಟ್ಟಿಗಳು ಓಡಿದವು. ಹೆಸರುಗಳು ತುಂಡಾದವು. ಹುಡುಗಿ ಏನೂ ಹೇಳಲಿಲ್ಲ.

ಹೆಸರು ಮುಗಿದು ಒಂದು ನಗರ ಕಂಡಿತು. ಆ ನಗರದ ಮೇಲೆ ಅಕ್ಷರಗಳು ಬಂದವು. ಫೀನಿಕ್ಸ್, ಅರಿಜೋನಾ. ಶುಕ್ರವಾರ, ಡಿಸೆಂಬರ್ 11. ಮಧ್ಯಾಹ್ನ 2 ಗಂಟೆ 43 ನಿಮಿಷ.

“43 ನಿಮಿಷ ಎಂತಕ್ಕೆ ಮಾವ?” ಎಂದಳು. “ಎರಡೂವರೆ ಅಂದರೆ ಸಾಕಲ್ವಾ?”

“ಪೊಲೀಸರು ಹಾಗೆ ಬರೆಯುತ್ತಾರೆ,” ಅಂದೆ.

ಮುಂದೆ ನಾಯಕಿ ಮ್ಯಾರಿಯನ್ 40 ಸಾವಿರ ಡಾಲರ್ ಕದ್ದು ಕಾರಿನಲ್ಲಿ ಊರು ಬಿಡುತ್ತಾಳೆ. ಕತ್ತಲಾಗುತ್ತದೆ. ಮಳೆ ಶುರುವಾಗುತ್ತದೆ, ವೈಪರ್ ಎಷ್ಟು ಓಡಿದರೂ ಗಾಜಿನ ಆಚೆ ಏನೂ ಕಾಣುವುದಿಲ್ಲ. ಆಗ ಮತ್ತೆ ಅದೇ ಸಂಗೀತ ಬರುತ್ತದೆ, ಹೆಸರು ಬೀಳುವಾಗ ಬಂದದ್ದು. ಆ ಓಟ ಯಾರದ್ದೆಂದು ಈಗ ಗೊತ್ತಾಗುತ್ತದೆ. ಇದು ಅದೇ ಸಂಗೀತ ಎಂದು ಹುಡುಗಿ ಗುರುತಿಸಿದಳೋ ಇಲ್ಲವೋ, ನಾನು ಕೇಳಲಿಲ್ಲ. ಅವಳು ಎರಡೂ ಕಾಲನ್ನು ಎತ್ತಿ ಕುರ್ಚಿಯ ಮೇಲೆ ಮಡಚಿಕೊಂಡಿದ್ದಳು.

ನಮ್ಮ ಮಳೆಯೂ ಜೋರಾಯಿತು. ರಿಮೋಟ್ ಹುಡುಕಿ ವಾಲ್ಯೂಮ್ ಸ್ವಲ್ಪ ಏರಿಸಿದೆ.